ಕತ್ತರಿಯೂ ಚೀಟಿಯೂ

ವ್ಯಾಕರಣವೆಂದೊಡನೆ ಸೂತ್ರಗಳ ಕಂಠಪಾಠವನ್ನು ನೆನೆದು ಬೆದರುವ ಮಕ್ಕಳಿಗೆ, 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ ಸಂಧಿಕಾರ್ಯಗಳು ತಮ್ಮ ನಾಲಗೆಯ ಮೇಲೆಯೇ ನಿತ್ಯವೂ ನಡೆಯುತ್ತಿವೆಯೆಂಬುದನ್ನು ತೋರಿಸಿಕೊಡಲು ಕೆಲವು ಕಾಗದದ ಚೀಟಿಗಳು ಸಾಕು. ‘ಮನೆ’ಯ ಪಕ್ಕದಲ್ಲಿ ‘ಅಲ್ಲಿ’ಯನ್ನಿರಿಸಿ ಒಂದೇ ಉಸಿರಿನಲ್ಲಿ ಓದೆಂದರೆ, ಮಗುವು ತಾನಾಗಿಯೇ ‘ಮನೆಯಲ್ಲಿ’ ಎನ್ನುವುದು. ಆಗ, ‘ಈ ಯಕಾರವು ಎಲ್ಲಿಂದ ಬಂದಿತು, ಕಂದಾ?’ ಎಂದು ಕೇಳಿ, ಖಾಲಿ ಚೀಟಿಯೊಂದರಲ್ಲಿ ಅದನ್ನು ಮಗುವಿನ ಕೈಯಿಂದಲೇ ಬರೆಯಿಸಿ ನಡುವೆ ಇಡಿಸಬೇಕು. ‘ಊರು’, ‘ಅಲ್ಲಿ’ ಕೂಡಿದೆಡೆ ಉಕಾರದ ಕೊಂಬನ್ನು ಕತ್ತರಿಸಿಹಾಕುವ ಆಟವಂತೂ, ಕತ್ತರಿ ಹಿಡಿಯಲು ಅಪರೂಪಕ್ಕೆ ದೊರೆತ ಅನುಮತಿಯ ದೆಸೆಯಿಂದ, ಎಲ್ಲಕ್ಕಿಂತ ಪ್ರಿಯವಾದುದು. ಲೋಪ, ಆಗಮ, ಆದೇಶವೆಂಬ ಹೆಸರುಗಳನ್ನು ಮೊದಲೇ ಹೇಳಿಬಿಡುವ ಆತುರವು ಹಿರಿಯರಾದ ನಮ್ಮಲ್ಲಿ ತುಸು ಹೆಚ್ಚೆಂದೇ ನನ್ನ ಎಣಿಕೆ; ‘ಬೆಟ್ಟ’, ‘ತಾವರೆ’ಗಳೆಂಬ ಎರಡು ಚೀಟಿಗಳನ್ನು ಮುಂದಿಟ್ಟು, ತಕಾರವು ದಕಾರವಾಗುವುದನ್ನು ಮಗುವೇ ಕಂಡುಹಿಡಿಯುವವರೆಗೆ ನಾವು ಸುಮ್ಮನಿರುವುದು ಲೇಸು.