ಪಿಂಗ್ಯಾವೊ ಕೋಟೆಯ ಹುಂಡಿ ಅಂಗಡಿ

ಉತ್ತರ ಚೀನಾದ ಶಾನ್‌ಷಿ ಪ್ರಾಂತ್ಯದಲ್ಲಿ, ತೈಯುವಾನ್ ನಗರದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಪಿಂಗ್ಯಾವೊ ಎಂಬ ಊರಿದೆ. ಸುತ್ತಲೂ ಕೋಟೆ, ಕೋಟೆಯೊಳಗೆ ಬೀದಿ, ಅಂಗಡಿ, ಗುಡಿ, ಮನೆ. ರಾಜನಿಗೋ ಸೇನಾಪತಿಗೋ ಕಟ್ಟಿದ ಕೋಟೆಯಲ್ಲ ಅದು. ಸಾಮಾನ್ಯ ಜನ ಅಡುಗೆ ಮಾಡಿ, ಮಕ್ಕಳನ್ನು ಬೆಳೆಸಿ, ವ್ಯಾಪಾರ ಮಾಡಿದ ಊರು. ಇಂದಿಗೂ ಅಲ್ಲಿ ಜನ ವಾಸವಾಗಿದ್ದಾರೆ.

ಈಗಿನ ಕೋಟೆ ಎದ್ದದ್ದು 1370ರಲ್ಲಿ. ಮಿಂಗ್ ಅರಸರು ಅಧಿಕಾರಕ್ಕೆ ಬಂದು ಆಗ ಎರಡೇ ವರ್ಷವಾಗಿತ್ತು. ಅದಕ್ಕೂ ಮೊದಲಿದ್ದ ಮಣ್ಣಿನ ಗೋಡೆಯನ್ನು ಹಿಗ್ಗಿಸಿ, ಹಳದಿ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಹೊಡೆದು ಏರಿಸಿದರು. ಹೊರಮೈಗೆ ಇಟ್ಟಿಗೆ ಹೊದಿಸಿದ್ದಾರೆ. ಸುತ್ತಳತೆ ಸುಮಾರು 6 ಕಿಲೋಮೀಟರ್. ದಕ್ಷಿಣ ಮತ್ತು ಉತ್ತರಕ್ಕೆ ಒಂದೊಂದು, ಪೂರ್ವ ಪಶ್ಚಿಮಗಳಿಗೆ ಎರಡೆರಡು, ಹೀಗೆ ಆರು ಬಾಗಿಲು. ದಕ್ಷಿಣದ್ದು ತಲೆ, ಉತ್ತರದ್ದು ಬಾಲ, ಉಳಿದವು ನಾಲ್ಕು ಕಾಲು ಎಂದುಕೊಂಡು ಊರಿಗೆ ಆಮೆಯೂರು ಎನ್ನುತ್ತಾರೆ. ಆಮೆ ಅವರಿಗೆ ದೀರ್ಘಾಯುಸ್ಸಿನ ಗುರುತು. ಗೋಡೆಯ ಮೇಲೆ 72 ಕಾವಲು ಗೋಪುರಗಳು, 3000 ತೆನೆಗಳು. ಕನ್‌ಫ್ಯೂಷಿಯಸ್‌ಗೆ ಇದ್ದ ಶಿಷ್ಯರು 3000, ಅವರಲ್ಲಿ ಜ್ಞಾನಿಗಳೆನಿಸಿದವರು 72 ಎಂಬ ನಂಬಿಕೆಗೆ ಈ ಲೆಕ್ಕ ಹೊಂದುತ್ತದೆ. ಶತ್ರುವಿನತ್ತ ಬಾಣ ಬಿಡುವ ಗೋಡೆಯಲ್ಲೂ ಆ ಜನ ಗುರುವನ್ನು ನೆನೆದರು ಎಂಬುದು ನನಗೆ ತುಂಬ ಹಿಡಿಸಿದ ಮಾತು.

ಬಾಗಿಲ ಬಳಿ ನೆಲದ ಕಲ್ಲು ಚಪ್ಪಡಿಗಳನ್ನು ನೋಡಬೇಕು. ಶತಮಾನಗಳ ಕಾಲ ಗಾಡಿ ಓಡಿ ಓಡಿ, ಚಕ್ರದ ಜಾಡು ಆಳವಾಗಿ ಕೊರೆದು ನಿಂತಿದೆ.

ಇಷ್ಟೆಲ್ಲ ನಮಗೆ ಉಳಿದು ಸಿಕ್ಕಿದ್ದೇ ಹೆಚ್ಚು. 1980ರ ದಶಕದ ಆರಂಭದಲ್ಲಿ ಹಳೆಯ ಬೀದಿಗಳನ್ನು ಅಗಲಿಸಿ ಊರನ್ನು ಹೊಸದಾಗಿ ಕಟ್ಟುವ ಕೆಲಸ ಶುರುವಾಗಿತ್ತು. ಶಾಂಘೈನ ತೊಂಗ್‌ಜಿ ವಿಶ್ವವಿದ್ಯಾಲಯದ ನಗರ ಯೋಜನೆಯ ಅಧ್ಯಾಪಕ ರುವಾನ್ ಯಿಸಾನ್ ಅದನ್ನು ತಡೆಯಲು ಮುಂದಾದರು. ಒಡೆಯಬೇಡಿ ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ವಿದ್ಯಾರ್ಥಿಗಳನ್ನು ಕರೆತಂದು, ಬೇರೆಯದೇ ಯೋಜನೆ ತಯಾರಿಸಿ ಕೊಟ್ಟರು: ಹಳೆಯ ಊರು ಇದ್ದಂತೆ ಇರಲಿ, ಹೊಸ ಊರು ಕೋಟೆಯ ಹೊರಗೆ ಬೆಳೆಯಲಿ. ಇಂದು ಎತ್ತರದ ಕಟ್ಟಡಗಳೂ ಅಗಲ ರಸ್ತೆಗಳೂ ಗೋಡೆಯ ಆಚೆಗಿವೆ. 1997ರಲ್ಲಿ ಪಿಂಗ್ಯಾವೊ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಾಗೆಂದು ಕೆಲಸ ಮುಗಿಯಿತೆಂದಲ್ಲ. 2021ರ ಅಕ್ಟೋಬರಿನಲ್ಲಿ ಶಾನ್‌ಷಿಯಲ್ಲಿ ಬಿಡದೆ ಮಳೆ ಸುರಿದಾಗ ಗೋಡೆಯ ಒಂದು ಭಾಗ ಕುಸಿಯಿತು. ಮಣ್ಣಿನ ಕೋಟೆಗೆ ದುರಸ್ತಿ ಎಂದೂ ತಪ್ಪುವುದಿಲ್ಲ.

ಕೋಟೆಯ ಹೊರಗೆ ಹೋಗಲು ಅರ್ಧ ದಿನವಾದರೂ ಇಟ್ಟುಕೊಳ್ಳಬೇಕು. ನೈಋತ್ಯಕ್ಕೆ ಆರೇಳು ಕಿಲೋಮೀಟರ್ ಹೋದರೆ ಷ್ವಾಂಗ್‌ಲಿನ್ ಎಂಬ ಬೌದ್ಧ ದೇಗುಲ. ಬುದ್ಧನ ಪರಿನಿರ್ವಾಣವಾದ ಕುಶಿನಗರದ ಜೋಡಿ ಸಾಲವೃಕ್ಷಗಳ ನೆನಪಿಗೆ ಇಟ್ಟ ಹೆಸರದು. 571ರಲ್ಲೇ ಈ ಗುಡಿಯ ಜೀರ್ಣೋದ್ಧಾರವಾಗಿತ್ತು. ಅಂದರೆ ಸ್ಥಾಪನೆ ಅದಕ್ಕೂ ಹಿಂದಿನದು. ಒಳಗೆ ಎರಡು ಸಾವಿರದಷ್ಟು ಮಣ್ಣಿನ ಮೂರ್ತಿಗಳು, ಎಲ್ಲಕ್ಕೂ ಬಣ್ಣ. ಅರ್ಹಂತರ ಸಾಲಿನಲ್ಲಿ ಒಬ್ಬರ ಮುಖ ಇನ್ನೊಬ್ಬರಿಗಿಲ್ಲ. ಮಾತು ಬಾರದ ಅರ್ಹಂತನೊಬ್ಬನಿದ್ದಾನೆ. ಹೇಳಬೇಕಾದ್ದೆಲ್ಲ ಅವನ ಕಣ್ಣಿನಲ್ಲೂ ಬಿಗಿದ ತುಟಿಯಲ್ಲೂ ತುಂಬಿಕೊಂಡಿದೆ. ಧರ್ಮರಕ್ಷಕ ವೈತುವೊನ ಮೂರ್ತಿಯಂತೂ ಅಪೂರ್ವ. ಮೈಯನ್ನು ಒಂದು ಕಡೆಗೆ ತಿರುವಿ, ಮುಖವನ್ನು ಇನ್ನೊಂದು ಕಡೆಗೆ ಹೊರಳಿಸಿ, ಈಗಷ್ಟೇ ಏನೋ ಸದ್ದು ಕೇಳಿದವನ ಹಾಗೆ ನಿಂತಿದ್ದಾನೆ. ಇನ್ನೊಂದು ದಿಕ್ಕಿನಲ್ಲಿ, ಈಶಾನ್ಯಕ್ಕೆ, ಝೆಂಗುವೊ ದೇಗುಲ. ಅದರ ಮುಖ್ಯ ಮಂಟಪ 963ರದ್ದು. ಚೀನಾದಲ್ಲಿ ಉಳಿದಿರುವ ಅತ್ಯಂತ ಹಳೆಯ ಮರದ ಕಟ್ಟಡಗಳಲ್ಲಿ ಅದೂ ಒಂದು.

ಇನ್ನು ಊರೊಳಗಿನ ಪಶ್ಚಿಮದ ದೊಡ್ಡ ಬೀದಿಗೆ ಬರೋಣ. ಪಿಂಗ್ಯಾವೊಗೆ ಹೋದವರು ತಪ್ಪದೆ ನೋಡಬೇಕಾದ ಜಾಗ ಅಲ್ಲಿದೆ. ಹೆಸರು ರಿಶಂಗ್‌ಛಾಂಗ್. ಮೊದಲು ಅದು ಬಣ್ಣದ ವ್ಯಾಪಾರ ಮಾಡುತ್ತಿದ್ದ ಮಳಿಗೆ. ಬೀಜಿಂಗ್‌ನಲ್ಲೂ ಅದಕ್ಕೊಂದು ಶಾಖೆ ಇತ್ತು. ಶಾನ್‌ಷಿಯಿಂದ ಬೀಜಿಂಗ್‌ಗೆ ಹೋಗಿ ವ್ಯಾಪಾರ ಮಾಡುತ್ತಿದ್ದವರು ವರ್ಷದ ಕೊನೆಗೆ ಮನೆಗೆ ಹಣ ಕಳಿಸಬೇಕು. ಹಣವೆಂದರೆ ಬೆಳ್ಳಿ. ಸುಮಾರು 600 ಕಿಲೋಮೀಟರ್ ದಾರಿ, ನಡುವೆ ಕಳ್ಳರ ಭಯ. ಬೆಳ್ಳಿಯ ಗಾಡಿಯ ಜೊತೆ ಆಯುಧ ಹಿಡಿದ ಕಾವಲುಗಾರರನ್ನು ಕಳಿಸುವ ಸಂಸ್ಥೆಗಳೇ ಇದ್ದವು. ಖರ್ಚು ದುಬಾರಿ, ಆದರೂ ನೆಮ್ಮದಿಯಿಲ್ಲ. ಬಣ್ಣದ ಮಳಿಗೆಯ ವ್ಯವಸ್ಥಾಪಕ ಲೇ ಲ್ಯುತಾಯ್ ಪರಿಚಯದವರಿಗೆ ಒಂದು ಅನುಕೂಲ ಮಾಡಿಕೊಟ್ಟ. ಬೆಳ್ಳಿಯನ್ನು ಬೀಜಿಂಗ್ ಶಾಖೆಯಲ್ಲಿ ಕಟ್ಟಿ, ಒಂದು ಚೀಟಿ ತೆಗೆದುಕೊಳ್ಳಿ. ಪಿಂಗ್ಯಾವೊದಲ್ಲಿ ಆ ಚೀಟಿ ಕೊಟ್ಟು ಬೆಳ್ಳಿ ಪಡೆಯಿರಿ. ಬೇಡಿಕೆ ಹೇಗೆ ಬೆಳೆಯಿತೆಂದರೆ, 1823ರ ಸುಮಾರಿಗೆ ಬಣ್ಣದ ವ್ಯಾಪಾರವನ್ನೇ ಬಿಟ್ಟು, ಇದಕ್ಕೆಂದೇ ರಿಶಂಗ್‌ಛಾಂಗ್ ಶುರುವಾಯಿತು. ನಮ್ಮ ಹಿರಿಯ ವರ್ತಕರು ಬರೆದುಕೊಡುತ್ತಿದ್ದ ಹುಂಡಿ ನೆನಪಿರುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ದೇವಸ್ಥಾನದ ಹುಂಡಿಯಲ್ಲ, ವ್ಯಾಪಾರದ ಹುಂಡಿ.

ಚೀಟಿಯನ್ನು ನಕಲು ಮಾಡಿದರೆ? ಅದಕ್ಕೆ ಅವರು ಮಾಡಿಕೊಂಡ ಏರ್ಪಾಟು ಬೆರಗು ಹುಟ್ಟಿಸುತ್ತದೆ. ಪ್ರತಿ ಶಾಖೆಯಲ್ಲೂ ಹುಂಡಿ ಬರೆಯುವವನು ಗೊತ್ತಾದ ಒಬ್ಬನೇ. ಅವನ ಕೈಬರಹದ ಮಾದರಿ ಉಳಿದ ಶಾಖೆಗಳಲ್ಲೆಲ್ಲ ಇರುತ್ತಿತ್ತು. ಕಾಗದದೊಳಗೆ ಗುಟ್ಟಿನ ನೀರಚ್ಚು. ತಿಂಗಳು, ದಿನ, ಮೊತ್ತ ಯಾವುದನ್ನೂ ನೇರವಾಗಿ ಬರೆಯುತ್ತಿರಲಿಲ್ಲ. ಒಂದೊಂದಕ್ಕೂ ಬೇರೆ ಅಕ್ಷರ. ಒಂದು ಸಂಕೇತದಲ್ಲಿ ಹನ್ನೆರಡು ತಿಂಗಳಿಗೆ ಇಟ್ಟ ಹನ್ನೆರಡು ಅಕ್ಷರಗಳನ್ನು ಸಾಲಾಗಿ ಓದಿದರೆ, ಸುಳ್ಳು ಹುಂಡಿಯ ಬಗ್ಗೆ ಎಚ್ಚರ, ಬರಹವನ್ನೂ ಮುದ್ರೆಯನ್ನೂ ಸರಿಯಾಗಿ ನೋಡು ಎಂಬ ಬುದ್ಧಿಮಾತಾಗುತ್ತಿತ್ತು. ಕೆಲಸಗಾರ ಅದನ್ನು ಬಾಯಿಪಾಠ ಮಾಡಿರಬೇಕು. ಕೆಲವು ಕಾಲಕ್ಕೊಮ್ಮೆ ಸಂಕೇತವನ್ನೇ ಬದಲಿಸುತ್ತಿದ್ದರು.

ಊರಿನವರು ಹೇಳುವ ಒಂದು ಕಥೆಯಿದೆ. ಭಿಕ್ಷೆ ಬೇಡುತ್ತಿದ್ದ ಮುದುಕಿಯೊಬ್ಬಳು ಒಂದು ದಿನ ರಿಶಂಗ್‌ಛಾಂಗ್‌ನ ಗಲ್ಲಾದ ಮುಂದೆ ಬಂದು ಹುಂಡಿಯೊಂದನ್ನು ಚಾಚಿದಳಂತೆ. ವ್ಯಾಪಾರಕ್ಕೆಂದು ದೂರ ಹೋದ ಗಂಡ ಹಿಂದಿರುಗುವಾಗ ದಾರಿಯಲ್ಲೇ ತೀರಿಕೊಂಡಿದ್ದ. ಅವನ ಅಂಗಿಯನ್ನು ಇವಳು ನೆನಪಿಗೆಂದು ಇಟ್ಟುಕೊಂಡಿದ್ದಳು. ಎಷ್ಟೋ ವರ್ಷದ ಮೇಲೆ ಅದರ ಹೊಲಿಗೆಯೊಳಗೆ ಹುಂಡಿ ಸಿಕ್ಕಿತು. ಮೊತ್ತ 12,000 ತೇಲ್ ಬೆಳ್ಳಿ. ಒಂದು ತೇಲ್ ಎಂದರೆ ಸುಮಾರು 37 ಗ್ರಾಂ, ಒಟ್ಟು ನಾಲ್ಕು ಕ್ವಿಂಟಲಿಗೂ ಮಿಕ್ಕ ಬೆಳ್ಳಿ! ಬರೆದು ಮೂವತ್ತು ವರ್ಷ ದಾಟಿದ್ದ ಕಾಗದ. ಲೆಕ್ಕದವರು ಹಳೆಯ ಖಾತೆಪುಸ್ತಕಗಳನ್ನೆಲ್ಲ ಹೊರಗೆ ತೆಗೆಸಿ, ತಾಳೆ ನೋಡಿ, ಪೂರ್ತಿ ಹಣ ಕೊಟ್ಟರಂತೆ. ಬಡ ಮುದುಕಿ, ಕೇಳುವವರಿಲ್ಲ. ಇಲ್ಲವೆಂದು ಕಳಿಸಿಬಿಡುವುದು ಎಷ್ಟು ಸುಲಭವಿತ್ತು! ಒಂದು ಊರು ತನ್ನ ಹಿರಿಮೆಗೆ ಗುರುತಾಗಿ ಸಿರಿವಂತರ ಕಥೆಯನ್ನು ಬಿಟ್ಟು ಈ ಕಥೆಯನ್ನು ಆರಿಸಿಕೊಂಡಿದೆ ಎಂಬುದು ನನ್ನ ಮಟ್ಟಿಗೆ ದೊಡ್ಡ ಸಂಗತಿ.

ಕೋಟೆ ಕಟ್ಟುವುದು ಹೊರಗಿನವರನ್ನು ನಂಬಲಾಗದೆ. ಆದರೆ ಅದೇ ಕೋಟೆಯೊಳಗಿನ ಜನ, ಕಾಣದ ಊರಿನ ಕಾಣದ ಗುಮಾಸ್ತ ಮಾತು ಉಳಿಸಿಕೊಳ್ಳುತ್ತಾನೆ ಎಂಬ ಭರವಸೆಯ ಮೇಲೆ ಇಷ್ಟು ದೊಡ್ಡ ವ್ಯವಹಾರ ಕಟ್ಟಿದರು. ರಿಶಂಗ್‌ಛಾಂಗ್‌ನ ಶಾಖೆಗಳು ಮೂವತ್ತಕ್ಕೂ ಹೆಚ್ಚು ಊರುಗಳಿಗೆ ಹಬ್ಬಿದವು. ಇಂಥ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳಿಗೆ ಈ ಪುಟ್ಟ ಪಿಂಗ್ಯಾವೊ ಕೇಂದ್ರವಾಯಿತು. 1911ರ ಕ್ರಾಂತಿಯಲ್ಲಿ ಚಕ್ರಾಧಿಪತ್ಯ ಉರುಳಿತು, ಕೊಟ್ಟ ಸಾಲ ಹಿಂದೆ ಬರಲಿಲ್ಲ, ಇಟ್ಟ ಹಣಕ್ಕಾಗಿ ಜನ ಮುಗಿಬಿದ್ದರು. ಹೊಸ ಬಗೆಯ ಬ್ಯಾಂಕುಗಳೂ ಬಂದಿದ್ದವು. 1914ರಲ್ಲಿ ರಿಶಂಗ್‌ಛಾಂಗ್ ದಿವಾಳಿಯಾಯಿತು.

ಅದು ನಡೆದಷ್ಟು ಕಾಲ ಆ ಭರವಸೆಯ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು. ಕೆಲಸಕ್ಕೆ ಸೇರುವ ಹುಡುಗನಿಗೆ ಜಾಮೀನು ನಿಲ್ಲುವವರು ಬೇಕಿತ್ತು. ವರ್ಷಗಟ್ಟಲೆ ಕಲಿಕೆ. ಬಂಡವಾಳವಿಲ್ಲದಿದ್ದರೂ, ದುಡಿಮೆಯನ್ನೇ ಪಾಲೆಂದು ಎಣಿಸಿ, ಹಳಬರಿಗೆ ಲಾಭದಲ್ಲಿ ಭಾಗ ಕೊಡುತ್ತಿದ್ದರು. ಅದು ಒಳ್ಳೆಯ ಪದ್ಧತಿಯೇ. ಆದರೆ ದೂರದ ಶಾಖೆಗೆ ಹೋಗುವವನು ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. ಊರಿಗೆ ಬರುವುದು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ. ಸಂಸಾರ ಪಿಂಗ್ಯಾವೊದಲ್ಲೇ ಉಳಿದರೆ, ಶಾಖೆಯ ಬೆಳ್ಳಿಯೊಂದಿಗೆ ಅವನು ಓಡಿಹೋಗಲಾರ. ಕಥೆಯ ಮುದುಕಿಯ ಹಾಗೆ ಎಷ್ಟೋ ಹೆಂಗಸರು ಕಾದರು. ಯಾರಿಂದಲೂ ಸಾಲ ಪಡೆಯದ ಇವರೇ ಆ ವ್ಯವಹಾರಕ್ಕೆಲ್ಲ ಒತ್ತೆಯಾಗಿ ಕೂತಂತಾಯಿತು.

ಅವರಿದ್ದ ಮನೆಗಳು ಕೋಟೆಯೊಳಗೆ ನೂರಾರು ಉಳಿದಿವೆ. ಬೂದು ಇಟ್ಟಿಗೆಯ ಗೋಡೆ, ಒಳಗಿನ ಅಂಗಳಕ್ಕೆ ಇಳಿಜಾರಾದ ಮಾಡು, ಚಳಿಗಾಲದಲ್ಲಿ ಒಲೆಯ ಶಾಖ ಹಾಯಿಸುವ ಕಾಂಗ್ ಎಂಬ ಇಟ್ಟಿಗೆಯ ಜಗಲಿ. ಕೆಲವು ಈಗ ಪ್ರವಾಸಿಗರ ವಸತಿಗೃಹಗಳಾಗಿವೆ. ನಿಮ್ಮಲ್ಲಿ ಯಾರಾದರೂ ಪಿಂಗ್ಯಾವೊಗೆ ಹೋಗುವವರಿದ್ದರೆ, ರಿಶಂಗ್‌ಛಾಂಗ್‌ನ ಗಲ್ಲಾ, ತಕ್ಕಡಿ, ಖಾತೆಪುಸ್ತಕಗಳನ್ನು ನೋಡಿದ ಮೇಲೆ ಅಂಥ ಒಂದು ಮನೆಯ ಒಳಕೋಣೆಗೂ ಹೋಗಿಬನ್ನಿ ಎಂದು ಕೇಳಿಕೊಳ್ಳುತ್ತೇನೆ. ಆ ಬ್ಯಾಂಕು ನಡೆದದ್ದು ಅಲ್ಲಿಂದಲೂ ಹೌದು.