ಔಷಧಿಯ ಕಷ್ಟಕ್ಕೆ ಹೆದರಿ ಅರ್ಧಕ್ಕೆ ಬಿಡಬೇಡಿ
(ಗೋಪಾಳದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸಲ ಭದ್ರಾವತಿಯ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ತಲೆಯ ಸೆರಗು ಸರಿಸಿದರು. ಕೂದಲು ಇರಲಿಲ್ಲ. "ಸಿಸ್ಟರ್, ಎರಡು ಕೀಮೋ ಆಯ್ತು. ಇನ್ನು ನಾನು ಹೋಗಲ್ಲ. ರೋಗಕ್ಕಿಂತ ಔಷಧೀನೇ ನನ್ನ ಕೊಲ್ತಾ ಇದೆ" ಎಂದರು. ಡಾಕ್ಟರು ಹೇಳಿದ್ದು ಆರು. ಅದಕ್ಕೇ ಇವತ್ತು ಸಾಲ, ಉಳಿತಾಯದ ಮಾತು ಬದಿಗಿಟ್ಟು ಇದನ್ನೇ ಮಾತಾಡೋಣ.

ಕೂದಲು ಯಾಕೆ ಉದುರುತ್ತದೆ? ಕ್ಯಾನ್ಸರ್ ಕಣಗಳು ಬೇಗ ಬೇಗ ಹೆಚ್ಚುತ್ತವೆ. ಕೀಮೋ ಔಷಧಿ ಹಾಗೆ ಬೇಗ ಹೆಚ್ಚುವ ಕಣಗಳನ್ನು ಹುಡುಕಿ ಕೊಲ್ಲುತ್ತದೆ. ಕೂದಲ ಬುಡ, ಬಾಯಿ, ಕರುಳಿನ ಒಳಪದರ, ರಕ್ತ ತಯಾರಾಗುವ ಮಜ್ಜೆ, ಇಲ್ಲಿಯ ಕಣಗಳೂ ಬೇಗ ಹೆಚ್ಚುವಂಥವೇ. ಕಳೆಗೆ ಹೊಡೆದ ಔಷಧಿ ಪೈರಿಗೂ ತಾಗಿದ ಹಾಗೆ. ಅದರಿಂದಲೇ ವಾಂತಿ, ಬಾಯಿ ಹುಣ್ಣು, ಸುಸ್ತು. ಎಲ್ಲ ಕೀಮೋಗೂ ಕೂದಲು ಹೋಗುವುದಿಲ್ಲ. ಹೋದರೂ ಚಿಕಿತ್ಸೆ ಮುಗಿದು ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬರುತ್ತದೆ. ವಾಂತಿಗೆ ಒಂದು ಮಾತ್ರೆ ಆಗದಿದ್ದರೆ ಬೇರೆ ಮಾತ್ರೆ ಇದೆ. ಆದರೆ ನಾವು ಹೇಳಿದರೆ ತಾನೇ ಡಾಕ್ಟರಿಗೆ ಗೊತ್ತಾಗೋದು! ನಮ್ಮ ಹೆಣ್ಣುಮಕ್ಕಳು "ಹೇಗಿದ್ದೀರಿ" ಅಂದ್ರೆ "ಚೆನ್ನಾಗಿದೀನಿ" ಅಂತ ಹೇಳಿ ಎದ್ದು ಬರ್ತಾರೆ.

ಒಂದು ವಿಷಯವನ್ನು ಮಾತ್ರ ಮನೆಯವರೆಲ್ಲರೂ ನೆನಪಿಡಬೇಕು. ಕೀಮೋ ಆಗಿ ಒಂದೆರಡು ವಾರದಲ್ಲಿ ರಕ್ತದ ಬಿಳಿ ಕಣ ಕಡಿಮೆಯಾಗುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಮೈ ನಡುಗಿದರೆ, ಅದು ಸಾಮಾನ್ಯ ಜ್ವರ ಅಲ್ಲ. ಅಂಗಡಿಯಿಂದ ಮಾತ್ರೆ ತಂದು ನುಂಗಿ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ.

ಇನ್ನು ನಮ್ಮ ಕಡೆ "ಕರೆಂಟ್ ಕೊಡೋದು" ಅಂತಾರಲ್ಲ, ಅದು ರೇಡಿಯೇಷನ್. ಅದು ಕರೆಂಟ್ ಅಲ್ಲ, ಎಕ್ಸ್‌ರೇ ತರಹದ ಕಿರಣ. ಕೊಡುವಾಗ ನೋವಾಗುವುದಿಲ್ಲ. ಹೊರಗಿನಿಂದ ಯಂತ್ರದಲ್ಲಿ ಕೊಡಿಸಿಕೊಂಡು ಬಂದವರು ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಕೊಟ್ಟ ಜಾಗ ಕಪ್ಪಾಗಿ ಉರಿಯಬಹುದು. ಅಲ್ಲಿಗೆ ಅರಿಶಿನ, ಎಣ್ಣೆ, ಪೌಡರ್ ಹಚ್ಚಬೇಡಿ. ಅವರು ಹಾಕಿದ ಗುರುತು ಉಜ್ಜಿ ಅಳಿಸಬೇಡಿ. ಗರ್ಭಕೋಶದ ಬಾಯಿಗೆ ಕೊಟ್ಟಾಗ ಭೇದಿ, ಉರಿಮೂತ್ರ ಆಗಬಹುದು. ಮುಂದೆ ಯೋನಿ ಬಿಗಿಯಾಗಿ ಗಂಡ-ಹೆಂಡತಿ ಸೇರುವಾಗ ನೋವಾಗಬಹುದು. ಇದನ್ನು ಸಿಸ್ಟರ್ ಬಾಯಲ್ಲಿ ಕೇಳಿ ನಗಬೇಡಿ! ಇದಕ್ಕೂ ಪರಿಹಾರ ಇದೆ, ನರ್ಸಮ್ಮನನ್ನಾದರೂ ಕೇಳಿ.

ಸ್ತನದ ಆಪರೇಷನ್‌ನಲ್ಲಿ ಕಂಕುಳ ಗ್ರಂಥಿ ತೆಗೆದಿದ್ದರೆ ಆ ಕೈ ಊದಬಹುದು. ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ. ಕೈಗೆ ಗಾಯವಾಗದಂತೆ ನೋಡಿಕೊಳ್ಳಿ, ಊದಿದರೆ ಬೇಗ ತೋರಿಸಿ.

ನಾಟಿ ಔಷಧಿಯ ವಿಷಯ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ನಿಲ್ಲುತ್ತಿದ್ದ ಸಾಲು ನಿಮಗೆಲ್ಲ ಗೊತ್ತು. ಕಷ್ಟದಲ್ಲಿರುವವರು ಎಲ್ಲಿಗಾದರೂ ಹೋಗುತ್ತಾರೆ, ನಾನು ಬೈಯುವುದಿಲ್ಲ. ಆದರೆ ತೊಗಟೆ ಕಷಾಯವನ್ನು ನಂಬಿ ಆಸ್ಪತ್ರೆ ಬಿಟ್ಟರೆ ಗಡ್ಡೆ ಕಾಯುವುದಿಲ್ಲ. ಏನು ಕುಡಿಯುತ್ತಿದ್ದೀರೋ ಡಾಕ್ಟರಿಗೆ ಹೇಳಿ. ಕೆಲವು ಕಷಾಯ ಕೀಮೋ ಜೊತೆ ಸೇರಿ ಲಿವರ್ ಕೆಡಿಸಬಹುದು.

ದುಡ್ಡಿಲ್ಲ ಅಂತಲೂ ನಿಲ್ಲಿಸಬೇಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಯೂ ಇದೆ.

ಆ ಭದ್ರಾವತಿಯ ತಾಯಿಯ ಜೊತೆ ನಾನೂ ಡಾಕ್ಟರ ಹತ್ತಿರ ಹೋದೆ. ವಾಂತಿಯ ಮಾತ್ರೆ ಬದಲಿಸಿದರು. ಅವರ ಸಂಘದವರು ಮೂರು ತಿಂಗಳ ಕಂತು ಮುಂದಕ್ಕೆ ಹಾಕಿದ್ದಾರೆ. ಬರುವ ಗುರುವಾರ ಮೂರನೇ ಕೀಮೋ. ಜೊತೆಗೆ ಯಾರು ಹೋಗಬೇಕು, ಮನೆಯಲ್ಲಿ ಗಂಜಿ ಯಾರು ಮಾಡಬೇಕು ಎಂದು ಸಂಘದ ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ.