ಆಟದ ದಿನ ಬೀದಿ ಯಾರದು?

(ನಮ್ಮೂರಿನ ಯುವಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಈ ಸಭೆಗೆ ಬರುವಾಗ ಬೇರೆ ವಿಷಯ ಮಾತನಾಡಲು ಸಿದ್ಧಮಾಡಿಕೊಂಡು ಬಂದಿದ್ದೆವು. ಆದರೆ ಚಹಾ ಕುಡಿಯುವಾಗ ನಿಮ್ಮ ಕಾರ್ಯದರ್ಶಿಗಳು ಒಂದು ಪ್ರಶ್ನೆ ಕೇಳಿದರು. "ಮೇಷ್ಟ್ರೇ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮ್ಯಾಚ್ ಇದ್ದಾಗ ಒಂದು ಟೆಂಪೊ ಮಾಡಿಕೊಂಡು ಹೋಗೋಣ ಅಂತ ಇದ್ದೇವೆ. ಗಾಡಿ ಎಲ್ಲಿ ನಿಲ್ಲಿಸೋದು?" ನಗುವ ಪ್ರಶ್ನೆಯಲ್ಲ ಇದು. ಇದರೊಳಗೆ ಭೂಮಿಯ ಪ್ರಶ್ನೆ ಇದೆ, ಲೆಕ್ಕದ ಪ್ರಶ್ನೆ ಇದೆ, ಹನ್ನೊಂದು ಜೀವಗಳ ಪ್ರಶ್ನೆಯೂ ಇದೆ. ಆದ್ದರಿಂದ ಇಂದು ಇದನ್ನೇ ಮಾತನಾಡುತ್ತೇವೆ.

ಮೊದಲು ನೇರವಾದ ಉತ್ತರ ಕೊಟ್ಟುಬಿಡೋಣ. ಟೆಂಪೊವನ್ನು ಅಲ್ಲಿಗೆ ಒಯ್ಯಬೇಡಿ. ಪಂದ್ಯದ ದಿನ ಮಹಾತ್ಮಾ ಗಾಂಧಿ ರಸ್ತೆ, ಕಬ್ಬನ್ ರಸ್ತೆ, ಕ್ವೀನ್ಸ್ ರಸ್ತೆ ಮೊದಲಾದ ಸುತ್ತಮುತ್ತಲ ಬೀದಿಗಳಲ್ಲಿ ಗಾಡಿ ನಿಲ್ಲಿಸಲು ಪೊಲೀಸರು ಬಿಡುವುದಿಲ್ಲ. ಬೇರೆ ಕಡೆ, ಶಾಲೆಯ ಮೈದಾನವೋ ಶಿವಾಜಿನಗರದ ಬಸ್ ನಿಲ್ದಾಣದ ಮಹಡಿಯೋ, ಜಾಗ ಗೊತ್ತುಮಾಡುತ್ತಾರೆ. ಅದು ಸಂಜೆಗೆ ಮುಂಚೆಯೇ ತುಂಬಿಹೋಗುತ್ತದೆ. ಊರಿನ ಹೊರಗೇ ಗಾಡಿ ಬಿಟ್ಟು, ತುಮಕೂರು ರಸ್ತೆಯ ಕಡೆಯಿಂದ ಬರುವವರಾದರೆ ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ನಡೆದರೆ ಹತ್ತು ನಿಮಿಷವೂ ಇಲ್ಲ. ಹಿಂದಿರುಗುವ ಟಿಕೆಟನ್ನು ಹೋಗುವಾಗಲೇ ಕೊಂಡಿಟ್ಟುಕೊಳ್ಳಿ.

ಇಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಜಾಗ ಏಕಿಲ್ಲ ಎಂಬುದನ್ನು ನೀವು ತಿಳಿಯಬೇಕು.

ಈ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸಿನ ಮೇಲೆ. ಆ ಕಾಲದಲ್ಲಿ ಜನ ಬಂದದ್ದು ಬಸ್ಸಿನಲ್ಲಿ, ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ. ಕಾರು ಇದ್ದವರು ಎಣಿಕೆಯ ಮಂದಿ. ಅಲ್ಲಿಗೆ ಸ್ವಲ್ಪ ದೂರದ ಕಂಠೀರವ ಕ್ರೀಡಾಂಗಣದ ಕಥೆ ಇನ್ನೂ ಹಳೆಯದು. ಅದು ಎದ್ದದ್ದು ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ಪೂಜೆಗೆ ಬೇಕೆಂದು ಉಳಿಸಿಕೊಂಡ ಒಂದು ಚಿಕ್ಕ ಕಲ್ಯಾಣಿ ಬಿಟ್ಟರೆ ಆ ಕೆರೆಯಲ್ಲಿ ಈಗ ನೀರಿಲ್ಲ. ಆಟಕ್ಕೆ ಒಂದು ಕೆರೆ ಕೊಟ್ಟೆವು. ಕಾರಿಗೆ ಇನ್ನೇನು ಕೊಡೋಣ?

ಕಪ್ಪು ಹಲಗೆ ಇಲ್ಲ, ಬಾಯಿಲೆಕ್ಕ ಮಾಡಿ. ನಗರ ಯೋಜನೆ ಮಾಡುವವರು ಬಯಲಿನಲ್ಲಿ ಒಂದು ಕಾರಿಗೆ, ಹೋಗಿಬರುವ ದಾರಿಯೂ ಸೇರಿ, 23 ಚದರ ಮೀಟರ್ ಹಿಡಿಯುತ್ತಾರೆ. ಕ್ರೀಡಾಂಗಣದೊಳಗೆ ಸುಮಾರು 35,000 ಜನ ಕೂರುತ್ತಾರೆ. ಕಾರಿಗೆ ನಾಲ್ವರಂತೆ, ಒಂದು ಸೀಟೂ ಖಾಲಿ ಇಲ್ಲದೆ ಬಂದರೆಂದೇ ಇಟ್ಟುಕೊಳ್ಳಿ (ಬೆಂಗಳೂರಿನಲ್ಲಿ ಹಾಗೆ ಬರುವ ಕಾರನ್ನು ನಾವಂತೂ ಹೆಚ್ಚಾಗಿ ಕಂಡಿಲ್ಲ), 8,750 ಕಾರುಗಳಾದವು. ಅವಕ್ಕೆ ಬೇಕಾದ ನೆಲ ಸುಮಾರು 50 ಎಕರೆ! ಆಟಗಾರರು ಓಡಾಡುವ ಆ ಹಸಿರು ಮೈದಾನದ ಮೇಲೇ ನಿಲ್ಲಿಸಿದರೂ ಏಳುನೂರು ಕಾರು ಹಿಡಿಯುವುದಿಲ್ಲ. ಅಂಥ ಹದಿಮೂರು ಮೈದಾನ ಬೇಕು. ಕಾರಿಗೆ ಇಬ್ಬರಂತೆ ಬಂದರೆ ನೂರು ಎಕರೆ. ನಮ್ಮ ಕಡೆ ಎರಡು ಎಕರೆ ಇರುವವನನ್ನು ರೈತ ಎನ್ನುತ್ತೇವೆ. ಅಂಥ ಐವತ್ತು ಸಂಸಾರಗಳ ಬದುಕಿನಷ್ಟು ನೆಲವನ್ನು ನಾಲ್ಕು ಗಂಟೆಯ ಆಟಕ್ಕೆ ಬರುವ ಖಾಲಿ ಕಬ್ಬಿಣ ಕೇಳುತ್ತದೆ.

ಈಗ ಇನ್ನೊಂದು ಕಡೆಯ ಲೆಕ್ಕ. ಆರು ಬೋಗಿಯ ಒಂದು ಮೆಟ್ರೋ ರೈಲಿನಲ್ಲಿ ಒತ್ತಿಕೊಂಡು ನಿಂತರೆ ಒಂದೂವರೆ ಸಾವಿರ ಜನ ಹೋಗುತ್ತಾರೆ. ಒಳಗಿದ್ದ ಅಷ್ಟೂ ಜನಕ್ಕೆ 24 ರೈಲು ಸಾಕು. ಎರಡು ದಿಕ್ಕಿಗೂ ಐದು ನಿಮಿಷಕ್ಕೊಂದರಂತೆ ಬಿಟ್ಟರೆ ಒಂದು ಗಂಟೆಯ ಕೆಲಸ. ಬಸ್ಸುಗಳು ಸೇರಿದರೆ ಅದಕ್ಕೂ ಕಡಿಮೆ. ಅಂದರೆ ಜನರನ್ನು ಸಾಗಿಸುವುದು ಕಷ್ಟವಲ್ಲ. ಕಾರುಗಳನ್ನು ಸಾಗಿಸುವುದು ಕಷ್ಟ.

ನಾವು ಮೇಷ್ಟ್ರಾಗಿದ್ದಾಗ ಒಮ್ಮೆ ಎಂಟು ಹುಡುಗರನ್ನು ಕಟ್ಟಿಕೊಂಡು ಅಲ್ಲಿ ಒಂದು ರಾತ್ರಿಯ ಪಂದ್ಯಕ್ಕೆ ಹೋಗಿದ್ದೆವು. ಆಟ ಕೊನೆಯ ಓವರಿನವರೆಗೂ ಎಳೆಯಿತು. ಹೊರಗೆ ಬಂದು ನಿಲ್ದಾಣ ಸೇರುವ ಹೊತ್ತಿಗೆ ಕೊನೆಯ ರೈಲು ಹೋಗಿತ್ತು. ಆಟೋದವರು ಕೇಳಿದ ದುಡ್ಡು ನಮ್ಮೆಲ್ಲರ ಜೇಬು ಸೇರಿಸಿದರೂ ಆಗುತ್ತಿರಲಿಲ್ಲ. ಅವರನ್ನೂ ಬಯ್ಯಲಾರೆವು, ಆ ಗದ್ದಲದಲ್ಲಿ ಎರಡು ಗಂಟೆ ಸಿಕ್ಕಿಬಿದ್ದವರು ಅವರು. ಮೆಜೆಸ್ಟಿಕ್ಕಿನವರೆಗೆ ನಡೆದೆವು. ಫುಟ್‌ಪಾತಿನ ಮೇಲೆ ಕಾರು ಹತ್ತಿ ನಿಂತಿದ್ದವು. ನಾವು ಮಕ್ಕಳ ಕೈಹಿಡಿದು ರಸ್ತೆಗಿಳಿದು ನಡೆದೆವು. ದಾರಿಯಲ್ಲಿ ಒಬ್ಬ ಹೆಂಗಸು ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ನಿಂತಿದ್ದರು. ಆಸ್ಪತ್ರೆಯಲ್ಲಿ ಆಯಾ ಕೆಲಸ, ರಾತ್ರಿ ಪಾಳಿ. "ಯಾಕಣ್ಣ, ಒಂದು ಬಸ್ಸೂ ಬರ್ತಿಲ್ಲ?" ಎಂದು ಕೇಳಿದರು. ಮ್ಯಾಚ್ ಇತ್ತು, ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸಿದ್ದಾರೆ ಎಂದೆವು. "ಓ, ಮ್ಯಾಚಾ" ಎಂದು, ಚೀಲ ಹೆಗಲಿಗೇರಿಸಿ ಅವರೂ ನಡೆಯತೊಡಗಿದರು. ಆಕೆಯ ಅರ್ಧ ದಿನದ ಕೂಲಿ ಅಂದು ಹೋಯಿತೋ ಉಳಿಯಿತೋ. ಟಿಕೆಟ್ ಕೊಂಡವರ ಕಷ್ಟವನ್ನು ಪತ್ರಿಕೆಗಳು ಬರೆಯುತ್ತವೆ. ಟಿಕೆಟ್ ಕೊಳ್ಳದೆಯೇ ಆಟದ ಬೆಲೆ ತೆತ್ತ ಇಂಥವರ ಲೆಕ್ಕ ಯಾರ ಪುಸ್ತಕದಲ್ಲಿದೆ?

ಇನ್ನು 2025ರ ಜೂನ್ 4. ಅದನ್ನು ಹೇಳದೆ ಮುಂದೆ ಹೋಗಲಾರೆವು. ಹದಿನೆಂಟು ವರ್ಷ ಕಾದು ಬೆಂಗಳೂರು ತಂಡ ಕಪ್ ಗೆದ್ದ ಮರುದಿನ, 35,000 ಜನ ಹಿಡಿಯುವ ಕಡೆಗೆ ಎರಡು ಲಕ್ಷಕ್ಕೂ ಮೀರಿ ಜನ ಬಂದರು. ಆ ಒಂದು ದಿನ ಮೆಟ್ರೋದಲ್ಲಿ ಓಡಾಡಿದವರು ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು. ಸಂಜೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ರೈಲು ನಿಲ್ಲಿಸುವುದನ್ನೇ ಕೈಬಿಡಬೇಕಾಯಿತು. ಗೇಟುಗಳ ಮುಂದೆ ಕಾಲ್ತುಳಿತವಾಗಿ 11 ಮಂದಿ ಸತ್ತರು. ಶಾಲೆಗೆ ಹೋಗುವ ವಯಸ್ಸಿನವರೂ ಅವರಲ್ಲಿದ್ದರು. ವಿಚಾರಣೆ ಮಾಡಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗ ಆ ವರ್ಷದ ಜುಲೈನಲ್ಲಿ ವರದಿ ಕೊಟ್ಟಿತು. ಆ ಕ್ರೀಡಾಂಗಣದ ರಚನೆಯೇ ಭಾರೀ ಜನ ಸೇರಲು ತಕ್ಕುದಲ್ಲವೆಂದಿತು. ಸಾರ್ವಜನಿಕ ರಸ್ತೆಯಿಂದ ಬೇರೆಯಾಗಿ ಸಾಲು ನಿಲ್ಲುವ ಜಾಗ, ಸಾಕಷ್ಟು ಬಾಗಿಲುಗಳು, ಬಸ್ಸು-ರೈಲುಗಳ ಸಂಪರ್ಕ, ಗಾಡಿ ನಿಲ್ಲಿಸುವ ಏರ್ಪಾಡು ಇರುವ ಕಡೆ ದೊಡ್ಡ ಸಮಾರಂಭ ಮಾಡಿರೆಂದಿತು.

ಆ ಮಾತನ್ನು ಗಮನಿಸಿ: ಸಾಲು ನಿಲ್ಲುವ ಜಾಗ. ಕಾರು ನಿಲ್ಲುವ ಜಾಗದ ಬಗ್ಗೆ ಐವತ್ತು ವರ್ಷ ಗಲಾಟೆ ಮಾಡಿದೆವು, ಮನುಷ್ಯ ನಿಲ್ಲುವ ಜಾಗದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಗೇಟು ತೆರೆದರೆ ಫುಟ್‌ಪಾತು, ಫುಟ್‌ಪಾತು ಇಳಿದರೆ ರಸ್ತೆ. ಪಾಸು ಇದ್ದ ಕಾರಿಗೆ ದಾರಿ ಬಿಡಿಸುವ ಲಾಠಿ ಇದೆ. ನಡೆದು ಬಂದವನಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವ ಒಂದು ಹಲಗೆ ಇಲ್ಲ.

ಹಾಗಾದರೆ ಕೇಳಬೇಕಾದ್ದೇನು? ಮಹಡಿ ಮೇಲೆ ಮಹಡಿ ಕಟ್ಟಿ ಕಾರು ನಿಲ್ಲಿಸಿರೆಂದು ಕೇಳುವವರಿದ್ದಾರೆ. ಆ ಮಹಡಿಗಳಿಂದ ಏಕಕಾಲಕ್ಕೆ ಇಳಿಯುವ ಕಾರುಗಳು ಅದೇ ಬೀದಿಗೇ ಬರಬೇಕಲ್ಲ! ನೆರೆಯ ಚೆನ್ನೈ ನೋಡಿ. 2023ರಲ್ಲಿ ಅಲ್ಲಿನ ಚೆಪಾಕ್ ಕ್ರೀಡಾಂಗಣದ ಐಪಿಎಲ್ ಪಂದ್ಯಗಳಿಗೆ, ಪಂದ್ಯದ ಟಿಕೆಟ್ ತೋರಿಸಿದವರು ಮೆಟ್ರೋದಲ್ಲಿ ಬೇರೆ ದುಡ್ಡು ಕೊಡದೆ ಹೋಗಿಬಂದರು; ಆ ಖರ್ಚನ್ನು ತಂಡದವರೇ ಹೊತ್ತರು. ಬೆಂಗಳೂರಿನಲ್ಲಿ 2024ರ ಪಂದ್ಯಗಳಿಗೆ ಮೆಟ್ರೋದವರು ರಾತ್ರಿ ರೈಲಿನ ಹೊತ್ತು ಮುಂದೂಡಿದರು, 50 ರೂಪಾಯಿಗೆ ಹಿಂದಿರುಗುವ ಕಾಗದದ ಟಿಕೆಟ್ ಮಾರಿದರು. ಒಳ್ಳೆಯದೇ. ಆದರೆ ಒಂದೊಂದು ಸೀಟಿಗೆ ಸಾವಿರಾರು ರೂಪಾಯಿ ಎಣಿಸಿಕೊಳ್ಳುವವರು ಆ ಐವತ್ತನ್ನೂ ಪ್ರೇಕ್ಷಕನ ಜೇಬಿನಿಂದಲೇ ಏಕೆ ಎಳೆಯಬೇಕು? ಆಟದಿಂದ ಹಣ ಮಾಡುವವರು ರೈಲು-ಬಸ್ಸಿನ ದುಡ್ಡನ್ನು ಕಟ್ಟಲಿ. ಆಟ ಎಷ್ಟು ಹೊತ್ತಿಗೆ ಮುಗಿದರೂ ಆಮೇಲೆ ಒಂದು ಗಂಟೆ ರೈಲು ಓಡಲಿ. ಪಾಳಿಗೆ ಹೋಗುವವರ ಬಸ್ಸನ್ನು ಎಲ್ಲಿಗೆ ತಿರುಗಿಸಿದ್ದಾರೆಂದು ಹಿಂದಿನ ದಿನವೇ ನಿಲ್ದಾಣದಲ್ಲಿ ಕನ್ನಡದಲ್ಲಿ ಬರೆದು ಹಾಕಲಿ. ಇವಕ್ಕೆ ಒಂದು ಗುಂಟೆ ನೆಲವೂ ಬೇಡ.

ನಮ್ಮೂರಿನ ಜಿಲ್ಲಾ ಕ್ರೀಡಾಂಗಣ ಚಿಕ್ಕದು, ಇಲ್ಲಿ ಈ ಚಿಂತೆ ಇಲ್ಲ ಎನ್ನಬೇಡಿ. ಕಳೆದ ಗಣರಾಜ್ಯೋತ್ಸವದ ದಿನ ಸಾಹೇಬರ ಜೀಪುಗಳು ಒಂದೇ ಗೇಟಿನ ಮುಂದೆ ನಿಂತು, ಕವಾಯತಿಗೆ ಬಂದ ಮಕ್ಕಳು ಚರಂಡಿ ದಾಟಿ ಒಳಗೆ ಹೋದದ್ದನ್ನು ಇಲ್ಲಿ ಕುಳಿತ ಅನೇಕರು ಕಂಡಿದ್ದೀರಿ. ಎರಡನೆಯ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆಯೆಂದು ನಾವು ಇನ್ನೂ ಹುಡುಕುತ್ತಲೇ ಇದ್ದೇವೆ. ಬರುವ ಸೋಮವಾರ ಅರ್ಜಿ ಕೊಡಲು ಹೋಗುತ್ತೇವೆ. ನಿಮ್ಮಲ್ಲಿ ನಾಲ್ವರಾದರೂ ಜೊತೆಗೆ ಬನ್ನಿ.

ಟೆಂಪೊದ ಮುಂಗಡ ಕೊಟ್ಟಾಗಿದ್ದರೆ ವಾಪಸು ಕೇಳಿ, ಕೊಡದಿದ್ದರೆ ನಾಗಸಂದ್ರದವರೆಗೆ ಮಾತ್ರ ಎಂದು ಬಾಡಿಗೆ ಇಳಿಸಿ. ಮತ್ತೆ, ಹೋದವರು ಒಂದು ಕೆಲಸ ಮಾಡಿಕೊಂಡು ಬನ್ನಿ. ಆಟ ಮುಗಿದು ಗೇಟು ದಾಟಿದ ಹೊತ್ತು, ರೈಲು ಹತ್ತಿದ ಹೊತ್ತು, ನಡುವೆ ಎಷ್ಟು ಕಡೆ ಫುಟ್‌ಪಾತ್ ಬಿಟ್ಟು ರಸ್ತೆಗಿಳಿಯಬೇಕಾಯಿತು, ಇಷ್ಟನ್ನು ಬರೆದುಕೊಳ್ಳಿ. ನಮ್ಮ ಪತ್ರಿಕೆಯಲ್ಲಿ ಹಾಕೋಣ.